ಮಳೆ ಜಾಸ್ತಿಯಾಗುತ್ತೆ ಅಂತ ನಕ್ಷೆ ಹೇಳಿದರೆ ಬೋರಿಗೆ ನೀರು ಬರುತ್ತಾ?

ಪ್ರಶ್ನೆ: ನಾನು ಪುಣೆಯ ವಾಕಡ್‌ನಲ್ಲಿದ್ದೇನೆ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ಅಪ್ಪ ಮತ್ತು ಕಾಕಾ ಸೇರಿ 14 ಎಕರೆ ಎರೆ ಭೂಮಿ ಮಾಡುತ್ತಾರೆ. 3 ಎಕರೆ ಕಬ್ಬು, 4 ಎಕರೆ ಲಿಂಬೆ, ಉಳಿದದ್ದು ತೊಗರಿ ಮತ್ತು ಹಿಂಗಾರಿ ಜೋಳ. ಮೂರು ಬೋರಿನಲ್ಲಿ ಎರಡು ಬತ್ತಿವೆ. 800 ಅಡಿ ಇನ್ನೊಂದು ಹೊಡಿಸೋಣ ಅಂತಾರೆ ಕಾಕಾ. ಒಂದು ನಕ್ಷೆಯಲ್ಲಿ 2050ಕ್ಕೆ ನಮ್ಮ ಕಡೆ ಮಳೆ ಹೆಚ್ಚುತ್ತೆ ಅಂತ ನೀಲಿ ಬಣ್ಣ, ಇನ್ನೊಂದರಲ್ಲಿ ಬೆಂಗಾಡಾಗುತ್ತೆ ಅಂತ ಕೆಂಪು ಬಣ್ಣ. ನಾಳಿನ ಮಳೆಯನ್ನೇ ಸರಿಯಾಗಿ ಹೇಳದವರು 2050ರದ್ದು ಹೇಗೆ ಹೇಳುತ್ತಾರೆ? ಇತ್ತ ನಮ್ಮ ಸೊಸೈಟಿಗೂ ಮಾರ್ಚ್ ಬಂತೆಂದರೆ ಟ್ಯಾಂಕರ್. ಜಮೀನು ಇಟ್ಟುಕೊಳ್ಳಲಾ, ಮಾರಲಾ? ಬೋರು ಹೊಡಿಸೋದಾ, ಬೇಡವಾ?

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಪುಣೆಯಲ್ಲಿ ನಮ್ಮ ಕಡೆಯವರು ಸೇರಿದ ಕಡೆಯೆಲ್ಲ, ಮದುವೆ ಊಟದ ಪಂಕ್ತಿಯಲ್ಲೂ, ಈ ಮಾತು ಬಂದೇ ಬರುತ್ತದೆ. ಕಾಲು ಇಲ್ಲಿ, ಬೇರು ಅಲ್ಲಿ, ಎರಡೂ ಕಡೆ ನೀರಿನ ಚಿಂತೆ. ನಾನು ಪುಣೆಯಲ್ಲಿದ್ದುಕೊಂಡು ನದಿ ಕಣಿವೆಗಳ ನೀರು ಮತ್ತು ಬೆಳೆಯ ಮಾದರಿ, ಅಂದರೆ ಮುಂದೆ ಏನಾಗಬಹುದು ಅಂತ ಕಂಪ್ಯೂಟರಿನಲ್ಲಿ ಹಾಕುವ ಲೆಕ್ಕ, ಕಟ್ಟುವ ಕೆಲಸ ಮಾಡುತ್ತೇನೆ, ಅದರಲ್ಲೂ ಜಾಸ್ತಿ ಭೀಮಾ ಕಣಿವೆಯದ್ದು. ನಿಮ್ಮ ವಾಕಡ್ ಪಕ್ಕದ ಮುಳಾ ನದಿ ಮುಠೆಯನ್ನು ಸೇರಿ, ಮುಂದೆ ಭೀಮೆಗೆ ಕೂಡಿ, ಉಜನಿ ಡ್ಯಾಮಿನಲ್ಲಿ ನಿಂತು, ಪಂಢರಪುರ ದಾಟಿ ನಿಮ್ಮ ಇಂಡಿ ತಾಲೂಕಿನ ಅಂಚಿಗೇ ಬರುತ್ತದೆ. ಹಾಗಾಗಿ ನೀವು ಕೇಳಿರುವುದು ಎರಡು ಊರಿನ ಪ್ರಶ್ನೆಯಾದರೂ ನದಿ ಒಂದೇ.

ಮೊದಲು "ನಾಳಿನದ್ದೇ ಗೊತ್ತಿಲ್ಲ, 2050ರದ್ದು ಹೇಗೆ" ಅನ್ನೋದು. ಇದನ್ನು ಓದಿದವರೂ ಕೇಳುತ್ತಾರೆ, ಕೇಳಲೇಬೇಕಾದದ್ದು ಕೂಡ. ನಾಳಿನ ಮಳೆ ಹೇಳುವ ಮಾದರಿ ಇವತ್ತಿನ ಗಾಳಿ, ತೇವ, ಒತ್ತಡ ಎಲ್ಲ ಹೇಗಿದೆ ಅಂತ ಅಳೆದು ಅಲ್ಲಿಂದ ಶುರು ಮಾಡುತ್ತದೆ. ಅಳತೆಯಲ್ಲಿನ ಸಣ್ಣ ತಪ್ಪು ದಿನದಿನಕ್ಕೂ ಬೆಳೆಯುತ್ತದೆ, ಎರಡು ವಾರ ದಾಟಿದ ಮೇಲೆ ಇಂಥ ದಿನ ಮಳೆ ಅಂತ ಹೇಳೋಕೆ ಆಗಲ್ಲ. 2050ರ ಮಾದರಿ ದಿನವನ್ನು ಹೇಳಲು ಹೊರಟೇ ಇಲ್ಲ. ಭೂಮಿಗೆ ಎಷ್ಟು ಶಾಖ ಬರುತ್ತಿದೆ, ಎಷ್ಟು ಹೊರಗೆ ಹೋಗುತ್ತಿದೆ, ಉಳಿದ ಶಾಖದಿಂದ ಸಮುದ್ರ ಎಷ್ಟು ಕಾಯುತ್ತದೆ, ಅದರಿಂದ ಮುಂಗಾರಿನ ಗುಣ ಹೇಗೆ ಬದಲಾಗುತ್ತದೆ, ಇಷ್ಟೇ ಅದರ ಕೆಲಸ. 2050ರ ಜುಲೈ 14ಕ್ಕೆ ಪುಣೆಯಲ್ಲಿ ಮಳೆ ಬರುತ್ತಾ ಅಂತ ಯಾರೂ ಹೇಳಲಾರರು. ಆ ವರ್ಷದ ಜುಲೈ ಅದೇ ವರ್ಷದ ಫೆಬ್ರವರಿಗಿಂತ ಒದ್ದೆ ಇರುತ್ತೆ ಅಂತ ಮಾತ್ರ ನೀವೂ ಹೇಳಬಲ್ಲಿರಿ, ಅಲ್ವಾ?

ಆದರೆ ಆ ಮಾದರಿ ನಿಮ್ಮ ಹೊಲದ ಬಗ್ಗೆ ಏನನ್ನಾದರೂ ಹೇಳುತ್ತದಾ? ನೇರವಾಗಿ ಇಲ್ಲ. ಜಾಗತಿಕ ಹವಾಮಾನ ಮಾದರಿ ಭೂಮಿಯನ್ನು ಚೌಕ ಚೌಕ ಮಾಡಿ ಲೆಕ್ಕ ಹಾಕುತ್ತದೆ. ಬಹಳಷ್ಟು ಮಾದರಿಗಳಲ್ಲಿ ಒಂದು ಚೌಕದ ಬದಿ ಸುಮಾರು 100 ಕಿಲೋಮೀಟರ್, ಕೆಲವದರಲ್ಲಿ ಇನ್ನೂ ದೊಡ್ಡದು. ಲೋಣಾವಳಾದಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅಲ್ಲಿಂದ ಅರವತ್ತು ಕಿಲೋಮೀಟರ್ ಆಚೆಯ ಪುಣೆಯಲ್ಲಿ 700 ಚಿಲ್ಲರೆ. ಆ ದೊಡ್ಡ ಚೌಕದೊಳಗೆ ಇವೆರಡೂ ಒಂದೇ ಸಂಖ್ಯೆ. ಸಹ್ಯಾದ್ರಿಯ ಕಡಿದಾದ ಗೋಡೆ ಮಾದರಿಯಲ್ಲಿ ಸವೆದು ಇಳಿಜಾರಾಗಿರುತ್ತದೆ. ಗೋಡೆಯೇ ಇಲ್ಲ ಅಂದ ಮೇಲೆ ಅದರ ಹಿಂದಿನ ಮಳೆ ನೆರಳೂ, ಅಂದರೆ ಬೆಟ್ಟ ಮೋಡ ತಡೆಯುವುದರಿಂದ ಮಳೆ ಕಡಿಮೆ ಬೀಳುವ ಪಟ್ಟಿಯೂ, ಮಸುಕಾಗುತ್ತದೆ. ಇಂಡಿ, ಸೊಲ್ಲಾಪುರ, ಜತ್ತ, ಅಕ್ಕಲಕೋಟೆ ಎಲ್ಲ ಇರುವುದು ಆ ನೆರಳಲ್ಲೇ. ಹಾಗಾಗಿ ನಾವು ಜಾಗತಿಕ ಮಾದರಿಯ ಉತ್ತರವನ್ನು 50 ಅಥವಾ 25 ಕಿಲೋಮೀಟರ್ ಚೌಕಕ್ಕೆ ಇಳಿಸುತ್ತೇವೆ. ಆಮೇಲೆ ಹವಾಮಾನ ಇಲಾಖೆಯ 1901ರಿಂದ ಇರುವ ಮಳೆ ದಾಖಲೆ ಪಕ್ಕಕ್ಕಿಟ್ಟು ತಿದ್ದುತ್ತೇವೆ. ತಿದ್ದುವಾಗ ಎದ್ದು ಕಾಣುವ ದೋಷ ಒಂದಿದೆ. ಮಾದರಿಗಳು ಮಳೆಯನ್ನು ತುಂಬಾ ದಿನಗಳಿಗೆ ಹಂಚಿಬಿಡುತ್ತವೆ. ದಿನಾ ಒಂದೆರಡು ಮಿಲಿಮೀಟರ್, ಜಿಟಿಜಿಟಿ. ನಿಮ್ಮ ಊರಲ್ಲಿ ಹಾಗೆ ಬೀಳಲ್ಲ. ಇಪ್ಪತ್ತು ದಿನ ಹನಿ ಇಲ್ಲ, ಆಮೇಲೆ ಒಂದೇ ರಾತ್ರಿ 60 ಮಿಲಿಮೀಟರ್. ಇದನ್ನು ತಿದ್ದದೆ ಬೆಳೆ ಮಾದರಿಗೆ ಕೊಟ್ಟರೆ ಪರದೆ ಮೇಲೆ ಜೋಳ ಚೆನ್ನಾಗಿಯೇ ಬೆಳೆಯುತ್ತದೆ. ಹೊಲದಲ್ಲಿ ಒಣಗುತ್ತದೆ.

ಈಗ ನೀಲಿ ನಕ್ಷೆ, ಕೆಂಪು ನಕ್ಷೆ. ನೀವು ನೋಡಿದ ಎರಡೂ ನಿಜವಾದ ಲೆಕ್ಕದಿಂದಲೇ ಬಂದಿರಬಹುದು. ಒಂದು ನಕ್ಷೆ ವರ್ಷದ ಒಟ್ಟು ಮಳೆ ತೋರಿಸುತ್ತದೆ, ಇನ್ನೊಂದು ಮಳೆಯಿಂದ ಆವಿಯನ್ನು ಕಳೆದ ಮೇಲೆ ಮಣ್ಣಿನಲ್ಲಿ ಉಳಿಯುವ ತೇವ ತೋರಿಸುತ್ತದೆ. ಭೂವಿಜ್ಞಾನ ಸಚಿವಾಲಯ 2020ರಲ್ಲಿ ಒಂದು ದೊಡ್ಡ ವರದಿ ತಂದಿತು, ಕೆಲಸ ಬಹುಮಟ್ಟಿಗೆ ನಮ್ಮ ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನಲ್ಲೇ ಆದದ್ದು. ಅದರ ಪ್ರಕಾರ 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇಕಡ 6 ಕಡಿಮೆಯಾಗಿದೆ. ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟದಲ್ಲಿ ಅದು ಎದ್ದು ಕಾಣುತ್ತದೆ. ಅದೇ ಹೊತ್ತಿಗೆ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ದಾಟುವ ಮಳೆಯ ಘಟನೆಗಳು ಸುಮಾರು ಶೇಕಡ 75 ಏರಿವೆ. ಒಟ್ಟು ಇಳಿಯಿತು, ಒಮ್ಮೆಲೇ ಸುರಿಯುವುದು ಏರಿತು. ಕಡಿಮೆಯಾಗಿದ್ದಕ್ಕೆ ಗಾಳಿಯಲ್ಲಿ ತುಂಬಿಕೊಂಡ ಹೊಗೆ ಮತ್ತು ಧೂಳಿನ ಕಣಗಳೂ ಮುಖ್ಯ ಕಾರಣ, ಅವು ಬಿಸಿಲನ್ನು ತಡೆದು ಮುಂಗಾರಿನ ಬಲ ತಗ್ಗಿಸಿದವು. ಮುಂದಿನ ದಶಕಗಳಲ್ಲಿ ದಕ್ಷಿಣ ಏಷ್ಯಾದ ಮುಂಗಾರು ಹೆಚ್ಚಾಗುತ್ತದೆ ಅಂತ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿ ಹೇಳುವುದಕ್ಕೆ ಕಾರಣ ಸರಳ. ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು ಶೇಕಡ 7 ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು, ಸುರಿಯುವಾಗ ಅಷ್ಟೂ ಸುರಿಯುತ್ತದೆ. ಆದರೆ ಅದೇ ಬಿಸಿ ಗಾಳಿ ಮಳೆ ಇಲ್ಲದ ದಿನ ನಿಮ್ಮ ಹೊಲದಿಂದಲೂ ಜಾಸ್ತಿ ನೀರು ಹೀರುತ್ತದೆ. ಹಾಗಾಗಿ ನೀಲಿ ನಕ್ಷೆಯೂ ಕೆಂಪು ನಕ್ಷೆಯೂ ಒಂದೇ ವರ್ಷ, ಒಂದೇ ಹೊಲದಲ್ಲಿ ನಿಜವಾಗಬಹುದು.

ಇನ್ನೂ ಒಂದು ಮಾತು. ಮುಂದಿನ ಹತ್ತು-ಹದಿನೈದು ವರ್ಷಕ್ಕೆ ನಿಮ್ಮ ತಾಲೂಕಿನ ಮಳೆಯನ್ನು ಆಡಿಸುವುದು ಹವಾಮಾನ ಬದಲಾವಣೆಗಿಂತ ಜಾಸ್ತಿ ಎಲ್ ನಿನ್ಯೋದಂಥ (ಕೆಲವು ವರ್ಷಕ್ಕೊಮ್ಮೆ ಶಾಂತಸಾಗರದ ನೀರು ಬಿಸಿಯಾಗುವುದು) ಸಹಜ ಏರಿಳಿತ. 2023ರ ಆಗಸ್ಟ್ ನೆನಪಿದೆಯಲ್ಲ, ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಅದು, ಶೇಕಡ 36 ಕೊರತೆ. ಮರುವರ್ಷ ಮುಂಗಾರು ಸರಾಸರಿಯ ಶೇಕಡ 108. ನಿಮ್ಮ ಕಾಕಾ ಈಗ ಮಾಡುವ ತೀರ್ಮಾನ ಇಂಥ ಏರಿಳಿತವನ್ನೇ ಮೊದಲು ತಡೆದುಕೊಳ್ಳಬೇಕು. 2050ರ ನಕ್ಷೆ ಆಮೇಲೆ.

ಮಳೆ ಜಾಸ್ತಿಯಾದರೆ ನೀರು ಜಾಸ್ತಿ ಅನ್ನೋದು ಎಲ್ಲರ ತಲೆಯಲ್ಲೂ ಕೂತಿರುವ ತಪ್ಪು ಕಲ್ಪನೆ. ಎರೆ ಭೂಮಿಯನ್ನೇ ನೋಡಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ಮೊದಲ ಮಳೆ ಆ ಬಿರುಕಿನಲ್ಲಿ ಇಳಿಯುತ್ತದೆ, ಮಣ್ಣು ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ. ಮುಚ್ಚಿದ ಮೇಲೆ ಆ ಮಣ್ಣು ನೀರು ಕುಡಿಯುವುದು ತೀರಾ ನಿಧಾನ. ಆಗ ಎರಡು ತಾಸಿನಲ್ಲಿ 60 ಮಿಲಿಮೀಟರ್ ಬಿದ್ದರೆ ಬಹುಪಾಲು ಹಳ್ಳಕ್ಕೆ, ಮೇಲಿನ ಒಳ್ಳೆ ಮಣ್ಣನ್ನೂ ಕರೆದುಕೊಂಡು. ಅದೇ 60 ಹತ್ತು ದಿನಕ್ಕೆ ಹಂಚಿ ಬಿದ್ದಿದ್ದರೆ ಹಿಂಗಾರಿ ಜೋಳಕ್ಕೆ ತಳದಲ್ಲಿ ತೇವ ಕೂಡುತ್ತಿತ್ತು. ಎರಡೂ ಸಲ ಮಳೆಮಾಪಕದಲ್ಲಿ ಒಂದೇ ಅಂಕಿ, ಬೆಳೆ ಮಾತ್ರ ಬೇರೆ ಬೇರೆ.

ಎರಡನೇ ತಪ್ಪು ಕಲ್ಪನೆ ಆಳದ್ದು. ಆಳ ಹೋದಷ್ಟೂ ನೀರು ಅನ್ನೋದು. ಪುಣೆಯಿಂದ ನಿಮ್ಮೂರಿನವರೆಗೂ ನೆಲದಡಿ ಇರುವುದು ಲಾವಾ ಆರಿ ಆದ ಕಪ್ಪು ಬಸಾಲ್ಟ್, ಒಂದರ ಮೇಲೊಂದು ಪದರ. ನೀರು ಇರುವುದು ಮೇಲಿನ ಸವೆದ ಮೆದು ಕಲ್ಲಿನಲ್ಲಿ, ಪದರ ಪದರದ ನಡುವಿನ ಸಂದಿಯಲ್ಲಿ, ಬಿರುಕಿನಲ್ಲಿ. ಗಟ್ಟಿ ಕಲ್ಲಿನೊಳಗೆ ನೀರು ನಿಲ್ಲುವ ಜಾಗವೇ ಇಲ್ಲ. 800 ಅಡಿ ಹೋದಾಗ ಒಂದು ಹೊಸ ಸಂದಿ ಸಿಗಬಹುದು, ಸಿಕ್ಕರೆ ಮೊದಲ ವರ್ಷ ಜೋರಾಗಿ ನೀರೂ ಬರುತ್ತದೆ. ಆದರೆ ಆ ಸಂದಿಗೆ ಮೇಲಿನಿಂದ ನೀರು ಇಳಿದು ಸೇರಲು ವರ್ಷಗಟ್ಟಲೆ ಬೇಕು. ಬಹಳ ಸಲ ಆಗುವುದೇನೆಂದರೆ ಆಳದ ಬೋರು ಮೇಲಿನ ಪದರದ ನೀರನ್ನೇ ಕೆಳಗೆ ಎಳೆದುಕೊಳ್ಳುತ್ತದೆ, ಪಕ್ಕದವರ ಬಾವಿ ಬತ್ತುತ್ತದೆ, ಅವರೂ ಆಳ ಹೋಗುತ್ತಾರೆ. ನಾನು ಕೆಲಸದ ಮೇಲೆ ಹೋದ ಹಳ್ಳಿಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ, ನೋಡಿದಾಗೆಲ್ಲ ಸಂಕಟವಾಗುತ್ತದೆ. ಸಾಲ ಮಾಡಿ ಹೊಡಿಸಿದ ಬೋರು ಅದು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ, ಕಂಪ್ಯೂಟರ್ ಬೇಡ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಸುಮಾರು 4,000 ಲೀಟರ್. ನಿಮ್ಮ ಕಡೆ ವರ್ಷಕ್ಕೆ 600 ಮಿಲಿಮೀಟರ್ ಅಂತ ಹಿಡಿಯಿರಿ. 14 ಎಕರೆ ಮೇಲೆ ಬೀಳುವುದು ಸುಮಾರು 3.4 ಕೋಟಿ ಲೀಟರ್. ಅದರಲ್ಲಿ ನೂರಕ್ಕೆ ಹತ್ತು ಭಾಗ ಅಂತರ್ಜಲಕ್ಕೆ ಇಳಿಯುತ್ತೆ ಅಂದುಕೊಳ್ಳೋಣ, ಬಸಾಲ್ಟ್ ಮಟ್ಟಿಗೆ ಅದು ಕೆಟ್ಟ ಅಂದಾಜಲ್ಲ. 34 ಲಕ್ಷ ಲೀಟರ್. ಇನ್ನು ಕಬ್ಬು. ಒಂದು ಕಬ್ಬಿನ ಬೆಳೆಗೆ ಒಟ್ಟು 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ನಡುವಿನ 2,000 ಹಿಡಿದು, ಮಳೆಯಿಂದಲೇ 500 ಸಿಗುತ್ತೆ ಅಂತ ಕಳೆದರೆ 1,500 ಉಳಿಯಿತು. ಮೂರು ಎಕರೆಗೆ ಸುಮಾರು 1.8 ಕೋಟಿ ಲೀಟರ್. ನಿಮ್ಮ ಸೊಸೈಟಿಗೆ ಬರುವ 10,000 ಲೀಟರ್ ಟ್ಯಾಂಕರಿನ ಲೆಕ್ಕದಲ್ಲಿ 1,800 ಟ್ಯಾಂಕರ್. ನಿಮ್ಮ ಹೊಲದಡಿ ವರ್ಷಕ್ಕೆ ಸೇರುವ ನೀರಿನ ಐದು ಪಟ್ಟಿಗಿಂತ ಜಾಸ್ತಿ ಕಬ್ಬೊಂದೇ ಕೇಳುತ್ತಿದೆ. ಲಿಂಬೆಯನ್ನು ನಾನಿನ್ನೂ ಸೇರಿಸಿಲ್ಲ. ಬೋರು ಬತ್ತಿದ್ದು ಮಳೆ ಕೈಕೊಟ್ಟಿದ್ದಕ್ಕಷ್ಟೇ ಅಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಮಳೆ ನೂರಕ್ಕೆ ಹತ್ತು ಹೆಚ್ಚಾದರೂ ಈ ಲೆಕ್ಕ ಸರಿಹೋಗಲ್ಲ. ಸರಿಹೋಗಬೇಕಾದರೆ ಕಬ್ಬು ಕಡಿಮೆಯಾಗಬೇಕು. ಇದು ನನ್ನ ನೇರ ಅಭಿಪ್ರಾಯ.

ಇದೇ ಲೆಕ್ಕವನ್ನು ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಜಾರ್ ಊರಿನವರು ಪ್ರತಿವರ್ಷ ಗ್ರಾಮಸಭೆಯಲ್ಲಿ ಕೂತು ಮಾಡುತ್ತಾರೆ. ಮಳೆಮಾಪಕ ನೋಡುತ್ತಾರೆ, ಬಾವಿ ನೀರಿನ ಮಟ್ಟ ಅಳೆಯುತ್ತಾರೆ, ಕುಡಿಯಲು ಇಷ್ಟು, ದನಕ್ಕೆ ಇಷ್ಟು ಅಂತ ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಹಿಂಗಾರಿಗೆ ಏನು ಬೆಳೆಯಬೇಕು ಅಂತ ತೀರ್ಮಾನಿಸುತ್ತಾರೆ. ನೀರಾವರಿಗೆ ಬೋರು ಬೇಡ, ಕಬ್ಬು ಬೇಡ ಅಂತ ಊರೇ ಕಟ್ಟು ಮಾಡಿಕೊಂಡಿದೆ. ನಿಮ್ಮೂರಿಗಿಂತ ಕಡಿಮೆ ಮಳೆ ಅಲ್ಲಿ. ಪುಣೆಯಿಂದ ಒಂದೇ ದಿನದಲ್ಲಿ ಹೋಗಿಬರಬಹುದು, ಕಾಕಾ ಇಲ್ಲಿಗೆ ಬಂದಾಗ ಕರೆದುಕೊಂಡು ಹೋಗಿ. ನನ್ನ ಕೆಲಸದಲ್ಲಿ ಬಳಸುವ ದೊಡ್ಡ ಮಾದರಿಗಳೂ ಮೂಲದಲ್ಲಿ ಮಾಡುವುದು ಇದನ್ನೇ, ಬಂದದ್ದು, ಹೋದದ್ದು, ಉಳಿದದ್ದು.

ಬೆಳೆಯ ವಿಚಾರಕ್ಕೆ ಬರೋಣ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಬೆಳೆ ಚೆನ್ನಾಗಿ ಬರುತ್ತೆ ಅಂತ ಒಂದು ಮಾತು ಓಡಾಡುತ್ತಿದೆ. ಅರ್ಧ ನಿಜ. ತೊಗರಿ, ಗೋಧಿ, ಭತ್ತ, ಹತ್ತಿಗೆ ಸ್ವಲ್ಪ ಅನುಕೂಲ. ಜೋಳ, ಗೋವಿನಜೋಳ, ಕಬ್ಬಿಗೆ ಹೆಚ್ಚೇನೂ ಇಲ್ಲ, ಅವು ಗಾಳಿಯಿಂದ ಇಂಗಾಲ ಹಿಡಿಯುವ ರೀತಿಯೇ ಬೇರೆ. ಅನುಕೂಲ ಇರುವ ಕಡೆಯೂ ಕಾಳಿನಲ್ಲಿ ಸತು, ಕಬ್ಬಿಣದ ಅಂಶ ತಗ್ಗುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಮತ್ತೆ ಬಿಸಿಯ ಹೊಡೆತ ಬೇರೆ. ಜಗತ್ತಿನ ಸರಾಸರಿಯಲ್ಲಿ ಒಂದು ಡಿಗ್ರಿ ಏರಿಕೆಗೆ ಗೋವಿನಜೋಳದ ಇಳುವರಿ ಸುಮಾರು ಶೇಕಡ 7, ಗೋಧಿ 6, ಭತ್ತ 3 ಇಳಿಯುತ್ತದೆ ಅಂತ 2017ರ ಒಂದು ಅಧ್ಯಯನ ಅಂದಾಜು ಮಾಡಿತು. ಬೇರೆ ಬೇರೆ ನಾಲ್ಕು ವಿಧಾನಗಳ ಉತ್ತರ ಒಟ್ಟುಗೂಡಿಸಿ ಬಂದದ್ದು, ಹಾಗಾಗಿ ಅದಕ್ಕೆ ನಾನು ತೂಕ ಕೊಡುತ್ತೇನೆ. ಆದರೆ ಅದು ಜಗತ್ತಿನ ಸರಾಸರಿ. ಇಂಡಿಯ ಸರಾಸರಿ ಅಲ್ಲ.

ನಿಮ್ಮ ನಾಲ್ಕು ಬೆಳೆಯಲ್ಲಿ ಬಿಸಿಯನ್ನೂ ಬರವನ್ನೂ ಚೆನ್ನಾಗಿ ತಾಳುವುದು ಹಿಂಗಾರಿ ಜೋಳ. ಪುಣೆಯ ಮಂಡಿಯಲ್ಲಿ ಒಳ್ಳೆ ದರಕ್ಕೆ ಮಾರುವ ಮಾಲ್ದಂಡಿ ನಿಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ತೆಗೆದ ತಳಿಯೇ. ಸೆಪ್ಟೆಂಬರ್ ಮಳೆ ಹಿಡಿದಿಟ್ಟ ತೇವದ ಮೇಲೇ ಅದು ಬೆಳೆಯುತ್ತದೆ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಆಕಾಶದಿಂದ ಏನೂ ಬರದಿದ್ದರೂ ನಡೆಯುತ್ತದೆ, ತಳದಲ್ಲಿ ತೇವ ಇದ್ದರೆ. ಅದಕ್ಕೇ ವಿಜಯಪುರದ ಒಣಬೇಸಾಯ ಕೇಂದ್ರದವರು ಜುಲೈನಲ್ಲೇ ಚೌಕು ಮಡಿ ಕಟ್ಟಿ ಅಂತ ಹೇಳುತ್ತಲೇ ಬಂದಿದ್ದಾರೆ. ಸಣ್ಣ ಸಣ್ಣ ಚೌಕದ ಬದು, ಬಿದ್ದ ನೀರು ಅಲ್ಲಲ್ಲೇ ನಿಂತು ಇಳಿಯುತ್ತದೆ. ಬಿತ್ತಿದ ಮೇಲೆ ಎಡೆ ಹೊಡೆದು ಬಿರುಕು ಮುಚ್ಚುವುದು ಮತ್ತೊಂದು. ನಿಮ್ಮ ಅಜ್ಜ ಇದನ್ನೆಲ್ಲ ಮಾಡುತ್ತಿದ್ದಿರಬೇಕು, ಕೇಳಿ ನೋಡಿ. ಜೋರು ಮಳೆ ಹೆಚ್ಚಾದಷ್ಟೂ ಚೌಕು ಮಡಿಯ ಬೆಲೆ ಹೆಚ್ಚುತ್ತದೆ ಅನ್ನೋದು ನನ್ನ ಮಾದರಿಗಳಲ್ಲೂ ಕಾಣುತ್ತದೆ.

ಲಿಂಬೆಯ ಕಷ್ಟ ಬೇರೆ ತರಹದ್ದು. ಹಸ್ತ ಬಹಾರ, ಅಂದರೆ ಮುಂಗಾರಿನ ಕೊನೆಗೆ ಬರುವ ಹೂವಿನ ಫಸಲು, ಹಿಡಿಯುವವರು ಆಗಸ್ಟ್-ಸೆಪ್ಟೆಂಬರಿನಲ್ಲಿ ಗಿಡಕ್ಕೆ ನೀರು ನಿಲ್ಲಿಸಿ ಒಣಗಿಸಬೇಕು, ಆಮೇಲೆ ಹೂ, ಏಪ್ರಿಲ್-ಮೇ ತಿಂಗಳಿಗೆ ಕಾಯಿ, ಆಗ ದರ. ಆದರೆ ನಿಮ್ಮ ಕಡೆ ಸೆಪ್ಟೆಂಬರೇ ಜೋರು ಮಳೆಯ ತಿಂಗಳು, ಮುಂಗಾರು ಹಿಂದಿರುಗುವುದೂ ತಡವಾಗುತ್ತಿದೆ. ಹವಾಮಾನ ಇಲಾಖೆ 2020ರಲ್ಲಿ ವಾಯವ್ಯ ಭಾರತದಿಂದ ಹಿಂದಿರುಗುವ ದಿನವನ್ನು ಸೆಪ್ಟೆಂಬರ್ 1ರಿಂದ 17ಕ್ಕೆ ಬದಲಿಸಿತು. ಗಿಡ ಒಣಗಬೇಕಾದ ಹೊತ್ತಿಗೆ ಮಳೆ, ಕಾಯಿ ಇರುವ ಬೇಸಿಗೆಯಲ್ಲಿ ಬೋರು ಖಾಲಿ. ಮತ್ತೆ ಮುಖ್ಯ ವಿಷಯ: ತೊಗರಿ, ಜೋಳ ಒಂದು ವರ್ಷ ಬಿತ್ತದೆ ಬಿಡಬಹುದು, ಲಿಂಬೆಗೆ ನೀರು ಒಂದು ವರ್ಷ ತಪ್ಪಿಸಿದರೆ ಎಂಟು-ಹತ್ತು ವರ್ಷ ಸಾಕಿದ ಗಿಡವೇ ಹೋಗುತ್ತದೆ. ಏರಿಳಿತ ಹೆಚ್ಚಾಗುವ ಕಾಲದಲ್ಲಿ, ತಪ್ಪಿಸಲಾಗದ ಬೇಡಿಕೆ ಎಷ್ಟು ಎಕರೆಯಲ್ಲಿದೆ ಅನ್ನೋದೇ ನಿಮ್ಮ ಕುಟುಂಬ ನೋಡಿಕೊಳ್ಳಬೇಕಾದ ಸಂಖ್ಯೆ. ಈಗ ಅದು 14ರಲ್ಲಿ 7. ಜಾಸ್ತಿ.

ಮಾದರಿಗಳು ಎಲ್ಲಿ ಸೋಲುತ್ತವೆ ಅಂತಲೂ ಹೇಳಬೇಕು. ಹವಾಮಾನ ಮಾದರಿಯ ಉತ್ತರವನ್ನು ನೀರಿನ ಮಾದರಿಗೆ ಕೊಡುತ್ತೇವೆ, ನೀರಿನ ಮಾದರಿಯದ್ದನ್ನು ಬೆಳೆ ಮಾದರಿಗೆ, ಅಲ್ಲಿಂದ ಬೆಲೆಯ ಮಾದರಿಗೆ. ಒಂದೊಂದು ಕೈ ದಾಟುವಾಗಲೂ ಅನುಮಾನ ಅಗಲವಾಗುತ್ತಾ ಹೋಗುತ್ತದೆ. ಇಷ್ಟರಲ್ಲಿ ಎಲ್ಲಕ್ಕಿಂತ ಬಡಕಲು ಕೊಂಡಿ ಮಳೆಯದ್ದಲ್ಲ, ಮನುಷ್ಯರದ್ದು. ಉಜನಿಯಲ್ಲಿ ಒಟ್ಟು ಸುಮಾರು 117 ಟಿಎಂಸಿ ಹಿಡಿದರೂ ಅರ್ಧಕ್ಕಿಂತ ಜಾಸ್ತಿ ಡೆಡ್ ಸ್ಟೋರೇಜ್, ಅಂದರೆ ಗೇಟಿನ ಮಟ್ಟಕ್ಕಿಂತ ಕೆಳಗೆ ಉಳಿಯುವ ನೀರು. ಗೇಟು ಯಾವಾಗ ತೆರೆಯುತ್ತಾರೆ, ಕಾಲುವೆಗೆ ಎಷ್ಟು, ನದಿಗೆ ಎಷ್ಟು, ಪುಣೆ ನಗರ ಎಷ್ಟು ಎತ್ತುತ್ತದೆ, ಹಳ್ಳಿಯಲ್ಲಿ ಎಷ್ಟು ಹೊಸ ಬೋರು ಬಂತು, ಪಂಪಿಗೆ ಕರೆಂಟು ಎಷ್ಟು ತಾಸು, ಇದನ್ನು ಯಾವ ಸಮೀಕರಣವೂ ಸರಿಯಾಗಿ ಹೇಳಲ್ಲ. ನೀರು ಹಂಚುವ ಲೆಕ್ಕವೂ ಹಳೆಯ ಮಳೆಯ ಮೇಲೇ ನಿಂತಿದೆ. ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ, ನಿಮ್ಮ ಭೀಮೆಯೂ ಸೇರಿದ ಕೃಷ್ಣಾ ಕಣಿವೆಯಲ್ಲಿ ನಾಲ್ಕರಲ್ಲಿ ಮೂರು ವರ್ಷ 2,060 ಟಿಎಂಸಿ ಸಿಕ್ಕೇ ಸಿಗುತ್ತದೆ ಅಂತ ಹಿಂದಿನ ದಾಖಲೆ ನೋಡಿ ಹಿಡಿಯಿತು. ಮುಂದಿನ ಮಳೆ ಹಿಂದಿನ ಹಾಗೇ ಇರುತ್ತದೆ ಅನ್ನೋದು ಅದರ ಒಳಗೆ ಕೂತಿರುವ ನಂಬಿಕೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ನಿಮ್ಮ ಜಿಲ್ಲೆ, ಕಲಬುರಗಿ ಎಲ್ಲ ಮುಳುಗಿದ್ದನ್ನು ನೀವು ಮರೆತಿರಲ್ಲ. ಬರ ತಾಲೂಕು ಅಂತ ಕರೆಸಿಕೊಂಡ ಕಡೆ ದೋಣಿ ಓಡಾಡಿತು.

ವಾಕಡ್ ಕಥೆ ಬೇಗ ಹೇಳಿ ಮುಗಿಸುತ್ತೇನೆ. ನಿಮಗೆ ನೀರು ಪವನಾ ಡ್ಯಾಮಿನಿಂದ, ಅದರಲ್ಲಿ ಹಿಡಿಯುವುದು ಸುಮಾರು 8.5 ಟಿಎಂಸಿ. ಪಿಂಪ್ರಿ-ಚಿಂಚವಡದಲ್ಲಿ 2019ರ ನವೆಂಬರಿನಿಂದ ದಿನ ಬಿಟ್ಟು ದಿನ ನೀರು ಬಿಡಲು ಶುರು ಮಾಡಿದ್ದು ನಿಮಗೆ ಗೊತ್ತೇ ಇದೆ. ಗಮನಿಸಿ, ಆ ವರ್ಷ ಭರ್ಜರಿ ಮಳೆ. ಇಲ್ಲಿ ಡ್ಯಾಮು ತುಂಬುವುದು ಕಷ್ಟವಲ್ಲ, ಮುಂದಿನ ಜುಲೈ ಮಧ್ಯದವರೆಗೆ ಅದನ್ನು ಎಳೆಯುವುದು ಕಷ್ಟ, ಬೆಳೆಯುತ್ತಿರುವ ಬಡಾವಣೆಗಳಿಗೆಲ್ಲ ಪೈಪಿನಲ್ಲಿ ತಲುಪಿಸುವುದು ಇನ್ನೂ ಕಷ್ಟ. ನಿಮ್ಮ ಟ್ಯಾಂಕರಿನ ನೀರು ಬಹುಮಟ್ಟಿಗೆ ಸುತ್ತಲಿನ ಬಾವಿ, ಬೋರುಗಳದ್ದು, ಅಂದರೆ ಅದೇ ಬಸಾಲ್ಟ್. ಸೊಸೈಟಿ ಸಭೆಯಲ್ಲಿ ಫ್ಲಾಟಿಗೊಂದು ಮೀಟರ್ ಮತ್ತು ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರನ್ನು ಫ್ಲಶ್ಶಿಗೆ, ಗಿಡಕ್ಕೆ ಬಳಸುವುದು, ಇವೆರಡನ್ನು ಹಿಡಿದು ಕೂಡಿ. ಮಳೆ ನೀರನ್ನು ಬೋರಿಗೆ ಇಳಿಸುವುದಾದರೆ ಚಾವಣಿಯ ನೀರನ್ನು ಸೋಸಿಯೇ ಇಳಿಸಿ, ಪಾರ್ಕಿಂಗ್ ನೀರು ಬಿಡಬೇಡಿ, ಒಮ್ಮೆ ಕೆಟ್ಟ ಬೋರು ಶುದ್ಧವಾಗಲು ಬಹಳ ಕಾಲ ಬೇಕು.

ಊಟದ ತಟ್ಟೆಯ ಬಗ್ಗೆಯೂ ಒಂದೆರಡು ಮಾತು, ಯಾಕೆಂದರೆ ಜಮೀನು ಮಾರುವ ಪ್ರಶ್ನೆಗೆ ಅದೂ ಸೇರುತ್ತದೆ. 2022ರ ಮಾರ್ಚ್ ಬಿಸಿಗೆ ಗೋಧಿ ಕಾಳು ಜೊಳ್ಳಾಯಿತು, ಮೇ ತಿಂಗಳಲ್ಲಿ ರಫ್ತು ನಿಂತಿತು. 2023ರ ಜುಲೈನಲ್ಲಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು. ದೇಶದಲ್ಲಿ ಅನ್ನ ಮುಗಿದಿರಲಿಲ್ಲ, ದರ ಏರುವ ಭಯಕ್ಕೆ ತೀರ್ಮಾನಗಳು ಬಂದವು. ರೈತನಿಗೆ ದರ ಬರುವ ಹೊತ್ತಿಗೆ ಬಾಗಿಲು ಮುಚ್ಚುತ್ತದೆ, ಪೇಟೆಯವನಿಗೆ ಬೇಳೆ ದುಬಾರಿಯಾಗುತ್ತದೆ. ನಿಮ್ಮ ಮನೆಗೆ ಇವೆರಡೂ ತಟ್ಟುತ್ತವೆ. ವಾಕಡ್‌ನ ಅಡುಗೆಮನೆಗೆ ಊರಿನ ಜೋಳ, ತೊಗರಿ ಬರುತ್ತಿದ್ದರೆ ಅದನ್ನು ಸಣ್ಣದು ಅಂದುಕೊಳ್ಳಬೇಡಿ.

ಹಾಗಾದರೆ ಏನು ಮಾಡಬೇಕು. ನಾನಾಗಿದ್ದರೆ ಜಮೀನು ಮಾರುತ್ತಿರಲಿಲ್ಲ. ಆಳವಾದ ಎರೆ ಭೂಮಿ ಸುಮ್ನೆ ಸಿಗಲ್ಲ, ಬೋರು ಬತ್ತಿದಾಗ ಮಾರಿದರೆ ದರವೂ ಸಿಗಲ್ಲ. ಆದರೆ ಕುಟುಂಬದ ಮೇಲೆ ಬಡ್ಡಿ ಸಾಲ ಜೋರಿದ್ದರೆ, ನೋಡಿಕೊಳ್ಳುವವರು ಅಪ್ಪ, ಕಾಕಾ ಬಿಟ್ಟು ಯಾರೂ ಇಲ್ಲದಿದ್ದರೆ, ಒಂದು ಭಾಗ ಮಾರುವುದು ತಪ್ಪಲ್ಲ. ಅದನ್ನು ಹವಾಮಾನದ ನಕ್ಷೆ ನೋಡಿ ತೀರ್ಮಾನಿಸಬೇಡಿ, ಮನೆಯ ಲೆಕ್ಕ ನೋಡಿ ತೀರ್ಮಾನಿಸಿ.

ಕಬ್ಬನ್ನು ಈಗಿನ ಕೂಳೆ ಮುಗಿದ ಮೇಲೆ ಬಿಡಿ. ಇದರಲ್ಲಿ ನಷ್ಟ ಇದೆ, ಮುಚ್ಚಿಡಲ್ಲ. ಕಬ್ಬಿಗೆ ಸರ್ಕಾರ ಕಟ್ಟಿದ ದರ ಇದೆ, ಕಾರ್ಖಾನೆ ತಡವಾಗಿಯಾದರೂ ಕೊಡುತ್ತದೆ, ತೊಗರಿ-ಜೋಳಕ್ಕೆ ಆ ಭರವಸೆ ಅಷ್ಟಿಲ್ಲ. ಜೋಳ ಕಿತ್ತು ಕೊಯ್ಯಲು ಆಳು ಸಿಗುವುದು ಕಷ್ಟ. ತೊಗರಿಗೆ ಹೂವಿನ ಹೊತ್ತಿಗೆ ಮೋಡ ಕವಿದರೆ ಹುಳ, ನೀರು ನಿಂತರೆ ನೆಟೆ ರೋಗ. ಹಾಗಾಗಿ ಒಂದೇ ಬೆಳೆಗೆ ಹಾರಬೇಡಿ, ಬೆಳೆ ವಿಮೆ ತಪ್ಪಿಸಬೇಡಿ. ಲಿಂಬೆಯಲ್ಲಿ ಚೆನ್ನಾಗಿರುವ ಎರಡು ಎಕರೆ ಉಳಿಸಿಕೊಂಡು ಆ ಒಂದು ಬೋರನ್ನು ಅದಕ್ಕೇ ಮೀಸಲಿಡಿ, ಡ್ರಿಪ್ ಹಾಕಿ, ಬುಡಕ್ಕೆ ಹೊದಿಕೆ ಕೊಡಿ. ಡ್ರಿಪ್ ಹಾಕಿದ ಮನೆಗಳಲ್ಲಿ ನಾನು ಕಾಣುವ ಅಪಾಯ ಒಂದೇ: ಉಳಿದ ನೀರಿನಲ್ಲಿ ಇನ್ನೆರಡು ಎಕರೆ ಹೆಚ್ಚು ನೆಡುತ್ತಾರೆ. ಆಗ ಅಂತರ್ಜಲಕ್ಕೆ ಉಳಿದದ್ದು ಸೊನ್ನೆ. ಕೃಷಿ ಹೊಂಡ ಒಳ್ಳೆಯದು, ಹರಿದು ಹೋಗುವ ಮಳೆ ನೀರು ತುಂಬಿದರೆ ಮಾತ್ರ. ಬೋರಿನಿಂದ ಎತ್ತಿ ಹೊಂಡಕ್ಕೆ ತುಂಬುವುದನ್ನು ಮಹಾರಾಷ್ಟ್ರದಲ್ಲಿ ಬಹಳ ಕಡೆ ನೋಡುತ್ತೇನೆ, ನೆಲದಡಿ ತಣ್ಣಗಿದ್ದ ನೀರನ್ನು ಬಿಸಿಲಿಗೆ ಹರವಿದ ಹಾಗೆ ಅದು.

ಕಡಿಮೆ ಅವಧಿಯ ಮುನ್ಸೂಚನೆಯನ್ನು ಬಳಸುವುದು ಕಲಿಯಿರಿ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮಳೆಯ ಅಂದಾಜು ಕೊಡುತ್ತದೆ. ಮೊದಲ ಎರಡು ವಾರದ್ದನ್ನು ನಂಬಿ ಬಿತ್ತನೆ, ಗೊಬ್ಬರ, ಔಷಧಿ ಹೊಡೆಯುವ ದಿನ ಹಿಂದೆ-ಮುಂದೆ ಮಾಡಬಹುದು. ಮೂರು, ನಾಲ್ಕನೇ ವಾರದ್ದು ಬರೀ ಒಲವು ತೋರಿಸುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆಮಾಪಕಗಳಿವೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ನಿಮ್ಮ ಪಂಚಾಯ್ತಿಯ ಅಂಕಿ ಸಿಕ್ಕರೆ ಸ್ಪ್ರೆಡ್‌ಶೀಟಿಗೆ ಹಾಕಿ, ನಿಮಗೆ ಅದು ಕಷ್ಟದ ಕೆಲಸವಲ್ಲ. ಒಟ್ಟು ಮಳೆ ಬಿಡಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಸತತ ಒಣ ದಿನಗಳು ಎಷ್ಟು ಅಂತ ವರ್ಷವರ್ಷಕ್ಕೂ ಎಣಿಸಿ. ಬೆಳೆ ಯಾವ ವರ್ಷ ಹೋಯಿತು ಅಂತ ಅಪ್ಪನನ್ನು ಕೇಳಿ ಪಕ್ಕದಲ್ಲಿ ಬರೆದುಕೊಳ್ಳಿ. ನಮ್ಮ ಮಾದರಿಗಿಂತ ನಿಮ್ಮ ಹೊಲಕ್ಕೆ ಅದು ಹತ್ತಿರದ್ದು.

ಇನ್ನು ನಾಲ್ಕನೇ ಬೋರು. ಕಾಕಾಗೆ ಬೇಡ ಅಂತ ಸೀದಾ ಹೇಳಿದರೆ ಮನೆಯಲ್ಲಿ ಮಾತು ಬೆಳೆಯುತ್ತದೆ, ಅದೂ ನನಗೆ ಗೊತ್ತು. ಬದಲಿಗೆ ಹೀಗೆ ಕೇಳಿ. ನಡೆಯುತ್ತಿರುವ ಬೋರಿನ ನೀರಿನ ಮಟ್ಟವನ್ನು ದಾರಕ್ಕೆ ಭಾರ ಕಟ್ಟಿ ಇಳಿಸಿ ಅಕ್ಟೋಬರ್ ಕೊನೆಗೊಮ್ಮೆ, ಮೇ ಕೊನೆಗೊಮ್ಮೆ ಅಳೆಯೋಣ, ಪಂಪು ಒಂದು ರಾತ್ರಿ ನಿಲ್ಲಿಸಿದ ಮೇಲೆ. ಬತ್ತಿದ ಎರಡರಲ್ಲೂ ಮಳೆಗಾಲದ ನಂತರ ನೀರು ಏರುತ್ತದಾ ನೋಡೋಣ. ಏರಿದರೆ ಅವಕ್ಕೆ ಹಳ್ಳದ ನೀರು ಸೋಸಿ ಇಂಗಿಸುವುದು ಹೊಸ ಬೋರಿಗಿಂತ ಕಡಿಮೆ ಖರ್ಚಿನ ಕೆಲಸ. ಏರದೆ ಹೋದರೆ ಆ ಜಾಗದಲ್ಲಿ ಮೇಲಿನ ಪದರ ಖಾಲಿ ಅಂತ ಅರ್ಥ, ಅದರ ಪಕ್ಕ 800 ಅಡಿ ಹೋಗುವುದು ಸಾಲದ ಮೇಲಿನ ಜೂಜು. ಮೇ ತಿಂಗಳ ಅಳತೆ ಕೈಗೆ ಬರುವವರೆಗೆ ಬೋರಿನ ಲಾರಿಯವರಿಗೆ ಅಡ್ವಾನ್ಸ್ ಕೊಡಬೇಡಿ.